ವನಜ ದೊಡ್ಡಮ್ಮ ಊರು ಬಿಟ್ಟಿಲ್ಲ: ಹಸಿರು, ನೀಲಿ ಕಂಬಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಊರು ಕಟ್ಟುವ ಕಂಪ್ಯೂಟರ್ ಆಟದಲ್ಲಿ, ಪರದೆಯ ಕೆಳಮೂಲೆಯಲ್ಲಿ ಹಗಲಿರುಳು ಅಕ್ಕಪಕ್ಕ ನಿಂತು, ಜನರಿಗೆ ಇನ್ನೆಷ್ಟು ಮನೆ ಬೇಕು, ಇನ್ನೆಷ್ಟು ಅಂಗಡಿ ಬೇಕು ಎಂದು ಏರಿಯೂ ಇಳಿದೂ ತಿಳಿಸುವ ತಮ್ಮಿಬ್ಬರಿಗೂ, ಅಂದರೆ ವಸತಿ ಬೇಡಿಕೆಯ ಹಸಿರು ಕಂಬದವರಿಗೂ ವಾಣಿಜ್ಯ ಬೇಡಿಕೆಯ ನೀಲಿ ಕಂಬದವರಿಗೂ, ಕುಂದಾಪುರದ ಪಕ್ಕದ ಬೀಜಾಡಿಯಿಂದ ಸಾಷ್ಟಾಂಗ ನಮಸ್ಕಾರಗಳು. ಯಾರ ಹೆಸರನ್ನು ಮೊದಲು ಬರೆಯಬೇಕೆಂದು ನನಗೆ ತುಂಬಾ ಟೆನ್ಷನ್ ಆಯಿತು. ಹಸಿರಿನವರನ್ನು ಮೊದಲು ವಿಚಾರಿಸಿದರೆ ನೀಲಿಯವರು ಏರಿಬಿಡುತ್ತೀರಿ ಎಂಬುದನ್ನು ಅನುಭವದಿಂದ ಬಲ್ಲೆ. ಪಕ್ಕದಲ್ಲೇ ನಿಂತಿರುವ ಕಾರ್ಖಾನೆಯ ಹಳದಿ ಕಂಬದವರ ಮೇಲೆ ಸದ್ಯಕ್ಕೆ ನನಗೆ ದೂರಿಲ್ಲ, ಅವರು ಬೇಸರಿಸಬಾರದು.

ನಾನು ಧನ್ಯಶ್ರೀ, ಕುಂದಾಪುರದ ಕಾಲೇಜೊಂದರಲ್ಲಿ ಪ್ರಥಮ ವರ್ಷ. ಐದನೇ ಕ್ಲಾಸಿನಿಂದ ಪಿಯುಸಿವರೆಗೆ ಘಟ್ಟದ ಮೇಲಿನ ಇಂಗ್ಲಿಷ್ ಮೀಡಿಯಂ ಹಾಸ್ಟೆಲ್ಲಿನಲ್ಲಿ ಬೆಳೆದವಳಾದ್ದರಿಂದ ನನ್ನ ಕನ್ನಡ ಬೇಸಿಕಲಿ ಅರ್ಧ ಇಂಗ್ಲಿಷು. ತಪ್ಪಿದ್ದರೆ ಕ್ಷಮಿಸಿ. ಅಪ್ಪ ಅಮ್ಮ ಮುಂಬಯಿಯಲ್ಲಿ ಕ್ಯಾಂಟೀನು ನಡೆಸುತ್ತಿರುವುದರಿಂದ ಈ ವರ್ಷ ನಾನಿರುವುದು ಅಮ್ಮನ ಅಕ್ಕ, ವನಜ ದೊಡ್ಡಮ್ಮನ ಮನೆಯಲ್ಲಿ. ಇದು ಮನೆಯೋ ಅಂಗಡಿಯೋ ಎಂಬುದೇ ಈ ಪತ್ರದ ತಕರಾರು. ಜಗಲಿಯ ಒಂದು ಮಗ್ಗುಲಲ್ಲಿ ಮೊಟ್ಟೆ, ಸೋಡಾ, ಬಾಳೆಹಣ್ಣು, ಮೊಬೈಲು ರೀಚಾರ್ಜು, ಮಳೆಗಾಲದಲ್ಲಿ ಒಣಮೀನು. ಇನ್ನೊಂದು ಮಗ್ಗುಲಲ್ಲಿ ನನ್ನ ಮೇಜು. ನಡುವೆ ಗೋಡೆಯಿಲ್ಲ. ಕುಕ್ಕರು ಕೂಗಿದರೆ ದೊಡ್ಡಮ್ಮ ಏಳುವುದಿಲ್ಲ. ಎದುರಿಗೆ ನಿಂತ ಗಿರಾಕಿಗೇ, "ಹ್ವಾಯ್, ಒಂಚೂರ್ ಒಳ್ಗ್ ಹೋಯಿ ಗ್ಯಾಸ್ ಬಂದ್ ಮಾಡಿ ಬನಿ ಕಾಂಬ" ಅನ್ನುತ್ತಾರೆ. ಗಿರಾಕಿ ಹೋಗಿ ಬಂದ್ ಮಾಡಿ, ಪಕ್ಕದ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಇವತ್ತು ಸಾರು ಎಂತದ್ದು ಎಂದು ಇಡೀ ಜಗಲಿಗೆ ವರದಿ ಒಪ್ಪಿಸುತ್ತಾನೆ.

ಹಾಸಿಗೆಯ ಮೇಲೆ ಬಿಸ್ಕತ್ತು ತಿಂದರೆ ಫೈನು ಹಾಕುತ್ತಿದ್ದ ಹಾಸ್ಟೆಲ್ಲಿನಿಂದ ಬಂದ ನನಗೆ ಇದು ಹೇಗಾಗಿರಬೇಕೆಂದು ತಾವೇ ಊಹಿಸಬೇಕು. ಮಲಗುವ ಕಟ್ಟಡ ಬೇರೆ, ಉಣ್ಣುವ ಕಟ್ಟಡ ಬೇರೆ, ಎಲ್ಲದಕ್ಕೂ ಗಂಟೆ. ಹಾಗಾಗಿ ಈ ಮನೆಗೆ ಬಂದ ವಾರದಲ್ಲೇ, ಗಲಾಟೆಯಲ್ಲಿ ಓದಲಾಗುವುದಿಲ್ಲ ಎಂದು ಕಾಲೇಜು ಹಾಸ್ಟೆಲ್ಲಿನಲ್ಲಿ ಸೀಟು ಕೇಳಿ ಬಂದಿದ್ದೆ. ದೊಡ್ಡಮ್ಮನಿಗೆ ಹೇಳಿಯೇ ಕೇಳಿದ್ದು. "ಆತ್ ಹೆಣೆ" ಎಂದು ಒಪ್ಪಿ ಮೊಟ್ಟೆಯ ಟ್ರೇ ಒರೆಸತೊಡಗಿದರು. ಒರೆಸುವಂಥದ್ದು ಆ ಟ್ರೇಯಲ್ಲಿ ಏನೂ ಇರಲಿಲ್ಲ.

ಅದೇ ಹೊತ್ತಿಗೆ ಕಾಲೇಜಿನಲ್ಲಿ ನಮಗೆ ಪಾಠ ಮಾಡುವ ಭೋಜರಾಜ ಸರ್, ಪ್ರತಿಯೊಬ್ಬರೂ ತಾವಿರುವ ಈ ಆಟದಲ್ಲಿ ಒಂದು ಊರು ಕಟ್ಟಬೇಕು, ಶನಿವಾರ ಕ್ಲಾಸಿನ ಮುಂದೆ ತೋರಿಸುವಾಗ ಒಂದೇ ಒಂದು ಮನೆಯೂ ಹಾಳುಬಿದ್ದಿರಬಾರದು, ಬಿದ್ದಿದ್ದರೆ ಇಡೀ ಊರನ್ನು ಮತ್ತೆ ಮೊದಲಿನಿಂದ ಕಟ್ಟಬೇಕು ಎಂದರು. ಮಾನ್ಯರೇ, ತಮ್ಮ ಕಾನೂನು ಓದಿ ನನಗೆ ಕಣ್ಣೀರು ಬಂತು. ಹಸಿರು ಬಳಿದಲ್ಲಿ ಮನೆ ಮಾತ್ರ, ನೀಲಿ ಬಳಿದಲ್ಲಿ ಅಂಗಡಿ ಮಾತ್ರ! ಇಷ್ಟು ದಿನ ನಾನು ಹುಡುಕುತ್ತಿದ್ದ ಹಾಸ್ಟೆಲ್ ವಾರ್ಡನ್ ಕೊನೆಗೂ ಸಿಕ್ಕಂತಾಯಿತು.

ಊರಿಗೆ 'ಹೊಸ ಬೀಜಾಡಿ' ಎಂದು ಹೆಸರಿಟ್ಟು, ಸಮುದ್ರದ ಬದಿಗೆ ಮನೆಗಳನ್ನೂ, ಹೆದ್ದಾರಿಯ ಆಚೆ ಬದಿಗೆ ಅಂಗಡಿಗಳನ್ನೂ ಅಚ್ಚುಕಟ್ಟಾಗಿ ಹಂಚಿದೆ. ಹಸಿರಿನವರು ಏರಿದಿರಿ, ಮನೆ ಕೊಟ್ಟೆ. ಮನೆಯವರಿಗೆ ಅಂಗಡಿ ಸಾಲದೆಂದು ನೀಲಿಯವರು ಏರಿದಿರಿ, ಅಂಗಡಿ ಕೊಟ್ಟೆ. ಅಂಗಡಿಯವರು ಕೆಲಸಕ್ಕೆ ಜನರಿಲ್ಲ ಎಂದರು, ಮತ್ತೆ ಮನೆ ಕೊಟ್ಟೆ. ಆಗ ಜನರಿದ್ದಾರೆ, ಗಿರಾಕಿಗಳಿಲ್ಲ ಎಂದು ಅದೇ ಅಂಗಡಿಗಳು ಬಾಗಿಲು ಹಾಕಿದವು. ತಮ್ಮ ಇಂಥ ಸಮತೂಕದ ಆಡಳಿತವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಗಿರಾಕಿಗಳೇಕೆ ಬರುತ್ತಿಲ್ಲ ಎಂಬುದನ್ನು ಕಂಡುಹಿಡಿದವರು ಮಂಜಯ್ಯ. ಇವರು ಹಿಂದೆ ದೋಣಿಗೆ ಹೋಗುತ್ತಿದ್ದವರು, ಈಗ ನಮ್ಮ ಜಗಲಿಗೆ ಬರುತ್ತಾರೆ. ಸೋಡಾ ಕುಡಿಯುತ್ತಾ ನನ್ನ ಬೆನ್ನ ಹಿಂದೆ ನಿಂತು ಪರದೆಯಲ್ಲಿ ಒಂದು ಕಾರನ್ನೇ ಬಹಳ ಹೊತ್ತು ನೋಡಿದರು. "ಹ್ವಾಯ್, ಈ ಮನ್ಷ ಎಲ್ಲಿಗ್ ಹೋತ? ಅಂಗ್ಡಿ ಅವ್ನ್ ಎದ್ರಿಗೇ ಇತ್ತಲೆ?"

ಡಿವೈಡರ್ ಇದೆಯಲ್ಲ ಅಜ್ಜ, ಮುಂದೆ ಹೋಗಿ ಯೂ-ಟರ್ನ್ ತೆಗೆದುಕೊಂಡು ಬರಬೇಕು ಎಂದೆ.

"ಬೆಂಕಿಪೊಟ್ಣಕ್ಕೆ ಅಷ್ಟ್ ದೂರ ಹೆಮ್ಮಾಡಿಗೆ ಹೋಯಿ ತಿರ್ಗಿ ಬತ್ನಾ? ಡಿವೈಡರ್ ಹಾರುಕೆ ಎಂತ ಅವಂಗೆ, ಕಾಲಿಲ್ಯಾ?"

ಇಲ್ಲಿ ತಮ್ಮ ನಾಗರಿಕರ ಒಂದು ಗುಣವನ್ನು ಮೆಚ್ಚಲೇಬೇಕು. ಅವರು ಡಿವೈಡರ್ ಹಾರುವುದಿಲ್ಲ, ರಾಂಗ್ ಸೈಡಿನಲ್ಲಿ ಸ್ಕೂಟರು ಬಿಡುವುದಿಲ್ಲ, ಎದುರು ಅಂಗಡಿಯವರನ್ನು ಕೂಗಿ ಕರೆದು ಸಾಮಾನು ತರಿಸಿಕೊಳ್ಳುವುದೂ ಇಲ್ಲ. ಇಷ್ಟು ಶಿಸ್ತಿನ ಜನ ಬೆಂಕಿಪೊಟ್ಟಣವಿಲ್ಲದೆ ಹೇಗೆ ಬದುಕಿದ್ದಾರೆ ಎಂಬುದನ್ನು ಅಧ್ಯಯನ ಮಾಡಲು ನಮ್ಮ ಜಗಲಿಯಿಂದ ಒಂದು ನಿಯೋಗ ಬರಬಹುದೇ?

ಈಗ ಮುಖ್ಯ ದೂರಿಗೆ ಬರುತ್ತೇನೆ. ಹಾಸ್ಟೆಲ್ ಕೇಳಿದ್ದಕ್ಕೆ ದೊಡ್ಡಮ್ಮನಿಗೆ ಬೇಸರವಾಗಿರಬಹುದೆಂದು, ಅವರನ್ನು ಖುಷಿಪಡಿಸಲು, ಹೊಸ ಬೀಜಾಡಿಯ ಅತ್ಯಂತ ನಿಶ್ಶಬ್ದ ಬೀದಿಯ ಒಂದು ಮನೆಯ ಹೆಂಗಸಿಗೆ 'ವನಜ' ಎಂದು ಹೆಸರಿಟ್ಟೆ. ನಾಗರಿಕರ ಹೆಸರು ಬದಲಿಸುವ ಅವಕಾಶವನ್ನು ತಾವೇ ಕರುಣಿಸಿದ್ದೀರಿ. ದೊಡ್ಡಮ್ಮನಿಗೆ ಆದ ಸಂತೋಷ ಹೇಳತೀರದು. ಬಂದಬಂದವರಿಗೆಲ್ಲ ಮೊಟ್ಟೆ ಕಟ್ಟಿಕೊಡುತ್ತಾ, "ನಂಗೆ ಕಂಪ್ಯೂಟರಂಗೂ ಒಂದ್ ಮನಿ ಇತ್ತ್, ಕರೆಂಟ್ ಬಿಲ್ ಇಲ್ಲೆ" ಅಂದರು. ಆಮೇಲೆ ಕನ್ನಡಕ ಹಾಕಿಕೊಂಡು ಬಂದು ನೋಡಿ ಕೇಳಿದರು: "ಅಂಗ್ಡಿ ಎಲ್ಲಿತ್ತ್?"

ಹೆದ್ದಾರಿಯ ಆಚೆ ಎಂದೆ.

"ನಾ ಇಲ್ಲಿ, ಅಂಗ್ಡಿ ಅಲ್ಲಿ. ನಾ ಇಡೀ ದಿನ ಎಂತ ಮಾಡ್ಲಿ, ಗ್ವಾಡಿ ಕಾಂತಾ ಕೂಕಂಬ್ದಾ?"

ದೊಡ್ಡಮ್ಮ ಗೋಡೆ ನೋಡುತ್ತಾ ಕೂರುವವರಲ್ಲ, ಆದರೆ ಮನೆಯೊಳಗೇ ಅಂಗಡಿ ಇಡುವ ಬಣ್ಣ ತಮ್ಮಲ್ಲಿ ಇಲ್ಲ. ಅದು ಬೇಕಿದ್ದರೆ ದುಡ್ಡು ಕೊಟ್ಟು ಆಟದ ಇನ್ನೊಂದು ಪ್ಯಾಕು ಕೊಳ್ಳಬೇಕಂತೆ. ಜಗಲಿಯನ್ನು ಹೀಗೆ ಪ್ರತ್ಯೇಕವಾಗಿ ಮಾರಬಹುದೆಂದು ನಮ್ಮ ಊರಿನ ಯಾರಿಗೂ ಹೊಳೆದಿರಲಿಲ್ಲ. ಹೀಗಾಗಿ ವನಜರ ಮನೆಗೆ ತಾಗಿಸಿ, ಮಧ್ಯೆ ಒಂದು ಚೌಕವೂ ಬಿಡದೆ, ನೀಲಿ ಬಳಿದೆ. ಅಂಗಡಿ ಎದ್ದಿತು. ಗಿರಾಕಿಗಳು ಬಂದರು. ನೀಲಿಯವರು ಸಂತೋಷದಿಂದ ಇಳಿದಿರಿ. ನಾನು ಕೈಮುಗಿದೆ.

ಮರುದಿನ ಸಂಜೆ ಜಗಲಿ ತುಂಬಾ ಜನರಿರುವಾಗ ತಾವು ಪರದೆಯ ಮೇಲೆ ಹಾಕಿಸಿದ ಸಾಲು ಇದು: 'ಶಬ್ದ ತಾಳಲಾರದೆ ವನಜ ಊರು ಬಿಟ್ಟರು.' ಅಂದರೆ, ಹಾಕಿದ್ದು ಇಂಗ್ಲಿಷಿನಲ್ಲಿ. ಗಟ್ಟಿಯಾಗಿ ಕನ್ನಡ ಮಾಡಿ ಹೇಳಿದ ಮಹಾಪರಾಧ ನನ್ನದು.

ಮಾನ್ಯರೇ, ಆಮೇಲೆ ನಡೆದದ್ದಕ್ಕೆ ತಾವೇ ಹೊಣೆ. ಸೋಡಾ ಕುಡಿಯುತ್ತಿದ್ದವರು ಬಾಟಲಿ ಕೆಳಗಿಟ್ಟರು. ಮಂಜಯ್ಯ ಅಂಗಡಿಯ ಹಲಗೆಯ ಆಚೆ ನಿಂತಿದ್ದ ದೊಡ್ಡಮ್ಮನನ್ನೇ ನೋಡಿ, "ಎಲ್ಲಿಗ್ ಹೋದ್ರಿ ವನಜಕ್ಕ, ಒಂದ್ ಮಾತ್ ಹೇಳುಕಾಗ್ದಾ?" ಎಂದು ನೊಂದುಕೊಂಡರು. ಮೀನು ಮಾರಿ ಬರುತ್ತಿದ್ದ ಬೆಳ್ಳಿಯಕ್ಕ ಬುಟ್ಟಿ ಇಳಿಸಿ, ಸುದ್ದಿ ಕೇಳಿ, "ಉದ್ರಿ ಕೊಟ್ಟದ್ ಬಿಟ್ಟ್ ಹೋದ್ರಾ? ಹಾಂಗಾರೆ ನಂದ್ ಚುಕ್ತಾ ಆಯ್ತ್!" ಎಂದು ನಕ್ಕರು. ದೊಡ್ಡಮ್ಮ ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು ನನಗೆ ಹೇಳಿದರು: "ಗಲಾಟಿ ಅಂದ್ಹೇಳಿ ಮನಿ ಬಿಟ್ಟ್ ಹೋಪ್ಕೆ ಹೊರಟದ್ ನೀನ್. ಹೆಸ್ರ್ ಮಾತ್ರ ನಂದ್ ಹಾಕಿದ್ದ್."

ಕುಕ್ಕರು ಕೂಗಿತು. ಗ್ಯಾಸು ಬಂದ್ ಮಾಡಲು ಆ ಸಂಜೆ ಯಾರಿಗೂ ಹೇಳದೆ ಅವರೇ ಎದ್ದು ಹೋದರು.

ಅಂದಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಆದ್ದರಿಂದ ತಮ್ಮ ಘನ ಸನ್ನಿಧಾನದಲ್ಲಿ ಕೆಲವು ಸಣ್ಣ ಬೇಡಿಕೆಗಳನ್ನಿಡುತ್ತೇನೆ. ಹಸಿರು ಮತ್ತು ನೀಲಿ ಕಲಸಿದ ಒಂದು ಬಣ್ಣವನ್ನು ದಯಪಾಲಿಸಬೇಕು. ಅದು ಬೆಳಿಗ್ಗೆ ಗಂಜಿಯವರೆಗೆ ಹಸಿರು, ಶಾಲೆ ಬಿಟ್ಟಾಗ ನೀಲಿ, ಸೋಮವಾರ ಮೊಟ್ಟೆ ಖರ್ಚಾಗದ್ದರಿಂದ ಆ ದಿನ ಮತ್ತೆ ಹಸಿರು ಆಗಿರತಕ್ಕದ್ದು. ಹೆಸರು ಹಿಡಿದು ಕರೆಯುವ ಗಲಾಟೆಯನ್ನು ಶಬ್ದಮಾಲಿನ್ಯದ ಲೆಕ್ಕದಿಂದ ಕೈಬಿಡಬೇಕು. ಮುಖ್ಯವಾಗಿ 'ಹ್ವಾಯ್' ಎಂಬುದನ್ನು. ಒಂದು ಮನೆಯ ಕುಕ್ಕರನ್ನು ನಿಲ್ಲಿಸಲು ಹೊರಗಿನವರೆಷ್ಟು ಜನ ಒಳಗೆ ಹೋಗಬಲ್ಲರು ಎಂಬುದರ ಮೇಲೆ ಊರಿನ ಸುಖವನ್ನು ಅಳೆಯಬೇಕು. ಇದಾವುದೂ ಸಾಧ್ಯವಿಲ್ಲವಾದರೆ ತಾವಿಬ್ಬರೂ ಖುದ್ದಾಗಿ ಬಂದು ದೊಡ್ಡಮ್ಮನ ಕ್ಷಮೆ ಕೇಳಬೇಕು. ಬರುವಾಗ ಚಪ್ಪಲಿ ಮೆಟ್ಟಿಲ ಕೆಳಗೆ ಬಿಡಿ.

ಇನ್ನು ಶನಿವಾರದ ಸಂಗತಿ. ವನಜರ ಖಾಲಿ ಮನೆಗೆ ಯಾರೋ ಹೊಸಬರು ಬಂದಿದ್ದರು. ತಪ್ಪಿನ ಭಾರ ನನ್ನ ಮೇಲೇ ಇರಲಿ ಎಂದು ಆ ಹೊಸಬಳಿಗೆ ನನ್ನ ಹೆಸರನ್ನೇ ಇಟ್ಟು, ಅಂಗಡಿಯನ್ನು ಕೆಡವದೆ ಹಾಗೇ ಬಿಟ್ಟು, ಕ್ಲಾಸಿಗೆ ಹೋದೆ. ನನ್ನ ಸರದಿ ಬರುವ ಸ್ವಲ್ಪ ಮೊದಲು ಹಾಸ್ಟೆಲ್ ವಾರ್ಡನ್ನರ ಫೋನು: ಸೀಟು ಖಾಲಿಯಾಗಿದೆ, ಸಂಜೆಯೊಳಗೆ ಹೇಳು. ಫೋನು ಚೀಲಕ್ಕೆ ಹಾಕಿ ಊರನ್ನು ದೊಡ್ಡ ಪರದೆಗೆ ಹಾಕಿದೆ. ಹಸಿರಿನವರು ತಣ್ಣಗಿದ್ದಿರಿ, ನೀಲಿಯವರು ತಣ್ಣಗಿದ್ದಿರಿ, ಒಂದೂ ಮನೆ ಹಾಳುಬಿದ್ದಿರಲಿಲ್ಲ. ಭೋಜರಾಜ ಸರ್ ತಲೆಯಾಡಿಸಿ ಪೆನ್ನು ತೆಗೆದರು. ಸರಿಯಾಗಿ ಆಗಲೇ, ಇಡೀ ಕ್ಲಾಸಿನ ಎದುರು, ತಾವು ಪ್ರಕಟಿಸಿದಿರಿ: 'ಶಬ್ದ ತಾಳಲಾರದೆ ಧನ್ಯಶ್ರೀ ಊರು ಬಿಟ್ಟರು.' ಮನೆ ಕಪ್ಪಾಗಿ ಹಾಳುಬಿತ್ತು.

"ಏನಮ್ಮಾ ಇದು?" ಎಂದರು ಸರ್.

"ಸುಳ್ಳು ಸುದ್ದಿ ಸರ್," ಎಂದೆ. ನನ್ನ ಬಾಯಿಂದ ಮುಂದಿನ ಮಾತು ಹೇಗೆ ಬಂತೋ ಗೊತ್ತಿಲ್ಲ, ಅದೂ ಊರಿನ ಕನ್ನಡದಲ್ಲಿ: "ನಾ ಎಲ್ಲಿಗೂ ಹೋಪ್ದಿಲ್ಲೆ."

ಸರ್ ನಿಯಮದಂತೆ ಊರನ್ನು ಮೊದಲಿನಿಂದ ಕಟ್ಟಲು ಹೇಳಿದರು. ವಾರ್ಡನ್ನರಿಗೆ ಕಾಲೇಜಿನ ಮೆಟ್ಟಿಲ ಮೇಲಿಂದಲೇ ಫೋನು ಮಾಡಿ ಬೇರೆಯವರಿಗೆ ಕೊಡಿ ಎಂದೆ. ಮನೆಗೆ ಬಂದಾಗ ಜಗಲಿ ತುಂಬಾ ಜನ, ಒಳಗೆ ಕುಕ್ಕರು ಕೂಗುತ್ತಿತ್ತು. ದೊಡ್ಡಮ್ಮ ಮಂಜಯ್ಯನ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ಹ್ವಾಯ್ ಹೆಣೆ, ಒಂಚೂರ್ ಒಳ್ಗ್ ಹೋಯಿ ಬಂದ್ ಮಾಡಿ ಬಾ ಕಾಂಬ."

ಹೋಗಿ ಬಂದ್ ಮಾಡಿ, ಪಕ್ಕದ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಬಂಗುಡೆ ಮೀನಿನ ಸಾರು ಎಂದು ಜಗಲಿಗೆ ವರದಿ ಒಪ್ಪಿಸಿದೆ.

ಆದ್ದರಿಂದ ಮೇಲ್ಕಂಡ ವನಜ ಮತ್ತು ಧನ್ಯಶ್ರೀ ಇಬ್ಬರೂ ಊರು ಬಿಟ್ಟಿರುವುದಿಲ್ಲವೆಂದು ಪರದೆಯ ಮೇಲೆ, ಅದೇ ಅಳತೆಯ ಅಕ್ಷರಗಳಲ್ಲಿ, ತಿದ್ದುಪಡಿ ಪ್ರಕಟಿಸಬೇಕಾಗಿ ಪ್ರಾರ್ಥಿಸುತ್ತೇನೆ.

ತಾವು ಎಷ್ಟೇ ಏರಿದರೂ ಇಳಿದರೂ
ತಮ್ಮ ವಿಶ್ವಾಸಿ,
ಧನ್ಯಶ್ರೀ
ಮೊಟ್ಟೆ ಟ್ರೇಯ ಪಕ್ಕದ ಮೇಜು, ಬೀಜಾಡಿ

ತಾ.ಕ.: ಈ ಪತ್ರವನ್ನು ಓದಿಸಿ ಕೇಳಿದ ದೊಡ್ಡಮ್ಮ ತಮ್ಮನ್ನು ಪರದೆಯಲ್ಲಿ ಹತ್ತಿರದಿಂದ ನೋಡಿ ಒಂದು ಪ್ರಶ್ನೆ ಕೇಳಿದ್ದಾರೆ, ಯಥಾವತ್ತಾಗಿ ಬರೆಯುತ್ತಿದ್ದೇನೆ: "ಹಸ್ರಿಂದ್ ಮನಿ, ನೀಲಿದ್ ಅಂಗ್ಡಿ ಅಂಬ್ರ್. ಇವೆರಡೂ ಒಂದಕ್ಕೊಂದ್ ತಾಗಿ ನಿಂತ್ಕಂಡಿದೊ ಅಲ್ದಾ? ಇವಕ್ಕೆ ಗಲಾಟಿ ಆತಿಲ್ಯಾ?" ತಮ್ಮಿಬ್ಬರಲ್ಲಿ ಯಾರು ಮೊದಲು ಊರು ಬಿಡುತ್ತೀರೆಂದು ತಿಳಿಸಿದರೆ, ನಾನು ಬಿಟ್ಟುಕೊಟ್ಟ ಹಾಸ್ಟೆಲ್ ಸೀಟಿಗೆ ವಾರ್ಡನ್ನರಲ್ಲಿ ಒಂದು ಮಾತು ಹೇಳಬಲ್ಲೆ.