ಶಾಂತಪ್ಪನ ಸಾಕ್ಷಿ ಸಹಿ

ಸಹಿ ಹಾಕುವ ಮುಂಚೆ ಕಾಗದ ಓದಿದರೆ ಎದುರಿಗಿದ್ದವರನ್ನು ಕಳ್ಳರೆಂದಂತೆ, ಎಂದು ನಾರಾಯಣಖೇಡದ ಶಾಂತಪ್ಪ ನಂಬಿದ್ದ. ಅವನ ಬಾಡಿಗೆಯ ಹಗ್ಗದ ಅಂಗಡಿ ಇದ್ದದ್ದು ರಿಜಿಸ್ಟ್ರಿ ಕಚೇರಿಯ ಎದುರಿಗೆ. ಯಾರಿಗೆ ಸಾಕ್ಷಿ ಬೇಕಾದರೂ ಅವನನ್ನೇ ಎಬ್ಬಿಸಿಕೊಂಡು ಹೋಗುತ್ತಿದ್ದರು. ಹೊಲದ ಮಾರಾಟವೋ, ಮನೆಯ ಹಿಸ್ಸೆಯೋ, ಅವನು ಕೇಳುತ್ತಿರಲಿಲ್ಲ. ಚಹಾ ಕುಡಿಯುವುದು, ಜೇಬಿನಿಂದ ಸ್ವಂತ ಪೆನ್ನು ತೆಗೆಯುವುದು, ಕೊನೆಯಲ್ಲಿ ಎಮ್ಮೆ ಕೊಂಬಿನಂತೆ ಮೇಲಕ್ಕೆ ಸುತ್ತುವ ಸಹಿ ಹಾಕಿ ಬರುವುದು. ಇಪ್ಪತ್ತೆರಡು ವರ್ಷದಲ್ಲಿ ಊರಿನ ಅರ್ಧ ಕಾಗದಗಳ ಮೇಲೆ ಆ ಕೊಂಬು ಮೂಡಿತ್ತು. ಹೆಂಡತಿ ಪ್ರೇಮಲಾ ಒಂದು ಸಲವಾದರೂ ಓದಿ ಎಂದರೆ, ಮರ್ಯಾದಸ್ಥರು ಹಾಗೆಲ್ಲ ಮಾಡುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ.

ಒಂದು ಶುಕ್ರವಾರ ಬೆಳಿಗ್ಗೆ ಅವನು ಅಂಗಡಿಯ ಶಟರ್ ಎತ್ತಿದ್ದೇ ತಡ, ತಾಂಡೂರಿನ ಮೊಬೈಲ್ ವ್ಯಾಪಾರಿ ನರೇಶ ಟೇಪು ಹಿಡಿದು ಒಳಗೆ ಬಂದು ಗೋಡೆ ಅಳೆಯತೊಡಗಿದ. ಏನಪ್ಪಾ ಇದು ಎಂದು ಶಾಂತಪ್ಪ ಕೇಳಿದ.

"ನಾಳಿಂದ ಈ ಅಂಗಡಿ ನಂದ್ರಿ ಕಾಕಾ. ಮಾಲಕರು ಸುಮಿತ್ರಾಬಾಯಾರು ಕರಾರು ಬರಕೊಟ್ಟಾರ. ನಿಮಗ ಗೊತ್ತಿಲ್ಲೇನ್ರಿ? ಸಾಕ್ಷಿ ನೀವೇ ಇದ್ದೀರಲ್ಲ."

ನರೇಶ ತೋರಿಸಿದ ಕಾಗದದ ಕೆಳಗೆ ಎಮ್ಮೆ ಕೊಂಬು ಇತ್ತು. ಹೋದ ವಾರ ಸುಮಿತ್ರಾಬಾಯಿ ಮನೆಗೆ ಕರೆದು, ಚಹಾದ ಜೊತೆ ಕರದಂಟನ್ನೂ ಕೊಟ್ಟು ಹಾಕಿಸಿಕೊಂಡ ಸಹಿ ಅದು. ತನ್ನ ಅಂಗಡಿ ಇನ್ನೊಬ್ಬನ ಪಾಲಾಗುವುದಕ್ಕೆ ತಾನೇ ಸಾಕ್ಷಿ. ಶಾಂತಪ್ಪನ ಹೊಟ್ಟೆಗೆ ಅನ್ನ ಹಾಕಿದ್ದು ಇದೊಂದೇ ಅಂಗಡಿ.

ಎಡಕ್ಕೆ ಝೆರಾಕ್ಸ್ ಅಂಗಡಿಯ ಭೀಮಾಶಂಕರ, ಬಲಕ್ಕೆ ಕಂಬಳಿ ಮಾರುವ ಮಾಳಿಂಗಪ್ಪ, ಇಬ್ಬರೂ ಕರೆಯದೇ ಬಂದರು. ಕೋರ್ಟಿನ ಕಾಗದಗಳನ್ನು ಝೆರಾಕ್ಸ್ ಮಾಡಿ ಮಾಡಿ ಭೀಮಾಶಂಕರ ಅರ್ಧ ವಕೀಲನಾಗಿದ್ದ. ಅವನ ಪಕ್ಕದಲ್ಲಿ ಕೂತು ಕೇಳಿ ಕೇಳಿ ಮಾಳಿಂಗಪ್ಪ ಉಳಿದರ್ಧ ಆಗಿದ್ದ.

"ಸಹಿ ನಂದಲ್ಲ ಅಂದುಬಿಡ್ರಿ. ಕೇಸು ಅಲ್ಲೇ ಖಲಾಸ್," ಎಂದ ಭೀಮಾಶಂಕರ.

ಇಬ್ಬರೂ ಅವನನ್ನು ನಡುವೆ ಹಾಕಿಕೊಂಡು ಸುಮಿತ್ರಾಬಾಯಿಯ ಮನೆಗೆ ಒಯ್ದರು. ಶಾಂತಪ್ಪ ನೆಲ ನೋಡುತ್ತ, ಅಕ್ಕಾವ್ರೆ ಆ ಸಹಿ ನನ್ನದಲ್ಲ ಎಂದ. ಮುದುಕಿ ಕನ್ನಡಕ ಏರಿಸಿ ಅವನನ್ನೊಮ್ಮೆ ನೋಡಿ, ಹೌದೇನಪ್ಪ ಎಂದು ಬಾಗಿಲು ಮುಚ್ಚಿಕೊಂಡರು. ಶಾಂತಪ್ಪನಿಗೆ ನಾಚಿಕೆಯಾಯಿತು. ಭೀಮಾಶಂಕರನಿಗೆ ಮಾತ್ರ ಅದು ಗೆಲುವಿನಂತೆ ಕಂಡು, ಹೋಟೆಲಿನಲ್ಲಿ ಕೂತು ಬಂದವರಿಗೆಲ್ಲ ಹೇಳಿದ.

ಹೇಳಿದ್ದೇ ಕೆಟ್ಟದ್ದಾಯಿತು. ಹನ್ನೊಂದು ಗಂಟೆಗೆ ನಾಗಲಗಿದ್ದ ಹಳ್ಳಿಯ ಸಾಯಮ್ಮ ಹೊಲದ ಕಾಗದ ಸೆರಗಿನಲ್ಲಿ ಸುತ್ತಿಕೊಂಡು ಓಡಿಬಂದಳು.

"ಅಣ್ಣಾ, ಇದರ ಮ್ಯಾಲಿಂದೂ ನಿನ್ನ ಸಹಿ ಅಲ್ಲೇನು? ಹಂಗಾರ ನನ್ನ ಎರಡು ಎಕರೆ ಯಾರದು?"

ನಿನ್ನದೇ ತಾಯಿ, ಸಹಿಯೂ ನನ್ನದೇ ಎಂದು ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಕಂಗ್ಟಿಯ ಅಣ್ಣತಮ್ಮಂದಿರು ಹಿಸ್ಸೆ ಪತ್ರ ಹಿಡಿದು ಜೀಪಿನಿಂದ ಇಳಿದರು. ಸಹಿ ಸುಳ್ಳಾಗಿದ್ದರೆ ಹಿಸ್ಸೆ ಮತ್ತೊಮ್ಮೆ ಆಗಲಿ ಎಂದು ತಮ್ಮ, ಆಗಕೂಡದು ಎಂದು ಅಣ್ಣ. ಅವರ ಹಿಂದೆ ಇನ್ನೂ ಹದಿನೇಳು ಜನ. ಶಾಂತಪ್ಪ ಒಬ್ಬೊಬ್ಬರ ಮುಂದೆಯೂ ಕೊರಳಿನ ಲಿಂಗ ಮುಟ್ಟಿ, ಸಹಿ ನನ್ನದೇ, ನನ್ನದೇ ಎಂದು ಆಣೆ ಮಾಡಿದ. ಭೀಮಾಶಂಕರ ಎಲ್ಲರ ಕಾಗದವನ್ನೂ ಝೆರಾಕ್ಸ್ ಮಾಡಿಕೊಟ್ಟ. ನರೇಶ ಮೂಲೆಯಲ್ಲಿ ನಿಂತು ಇದನ್ನೆಲ್ಲ ಮೊಬೈಲಿನಲ್ಲಿ ವೀಡಿಯೊ ಹಿಡಿದುಕೊಂಡ.

ಸುದ್ದಿ ಕೇಳಿದ ಪ್ರೇಮಲಾ ಬಂದವಳೇ ಗಂಡನ ಕೈಹಿಡಿದು ಕೋರ್ಟಿನ ಹತ್ತಿರದ ವಕೀಲೆ ರಾಜೇಶ್ವರಿಯ ಬಳಿ ಎಳೆದುಕೊಂಡು ಹೋದಳು. ದಿನಾ ಜಹೀರಾಬಾದಿನಿಂದ ಬಸ್ಸಿನಲ್ಲಿ ಬಂದುಹೋಗುವ ಹೆಂಗಸು, ಮಾತು ಕಡಿಮೆ. ಎಲ್ಲ ಕೇಳಿ, ಸಾಕ್ಷಿ ಸಹಿ ಎಂದರೆ ಅವರು ಸಹಿ ಹಾಕಿದ್ದನ್ನು ನೀವು ನೋಡಿದಿರಿ ಎಂದಷ್ಟೇ, ಒಳಗೆ ಬರೆದದ್ದಕ್ಕೆಲ್ಲ ಒಪ್ಪಿದಿರಿ ಎಂದಲ್ಲ, ಎಂದು ಬಿಡಿಸಿ ಹೇಳಿದಳು. ಶಾಂತಪ್ಪನಿಗೆ ಹೋದ ಜೀವ ಬಂದಂತಾಯಿತು.

"ನೀವಿನ್ನೂ ಅಂಗಡಿ ಒಳಗ ಇದ್ದೀರಿ. ಒಳಗ ಇದ್ದವರನ್ನ ಒಳಗ ಉಳಸೋದು ಸುಲಭ. ಒಮ್ಮಿ ಹೊರಗ ಬಿದ್ರ ಮತ್ತ ಒಳಗ ಹೋಗಾಕ ವರ್ಷಗಟ್ಟಲೆ ಹಿಡೀತದ. ಬಾಡಿಗಿ ಪಾವತಿ ತಗೊಂಡು ಮೂರಕ್ಕ ಬರ್ರಿ. ನಾಕೂವರಿ ಒಳಗ ಅರ್ಜಿ ಹಾಕೋಣ. ನಾಳಿ ಎರಡನೇ ಶನಿವಾರ, ನಾಡದು ಐತವಾರ, ಕೋರ್ಟ್ ಇಲ್ಲ." ಆಮೇಲೆ ಬೆರಳೆತ್ತಿ ಹೇಳಿದಳು. "ಇನ್ನ ಮ್ಯಾಲ ಯಾರ ಕಾಗದಾನೂ ಓದಲಾರದ ಸಹಿ ಹಾಕಬ್ಯಾಡ್ರಿ. ನನ್ನದಾದ್ರೂ ಅಷ್ಟ."

ಮೂರಕ್ಕೆ ಸರಿಯಾಗಿ ಗಂಡ ಹೆಂಡತಿ ಬಾಡಿಗೆ ಪಾವತಿ ಚೀಟಿಗಳ ಕಟ್ಟು ಹಿಡಿದು ಹಾಜರಾದರು. ವಕಾಲತ್ತು, ಅರ್ಜಿ ಎಲ್ಲ ಸೇರಿ ಹನ್ನೊಂದು ಹಾಳೆ ಮೇಜಿನ ಮೇಲೆ ಸಿದ್ಧವಿತ್ತು. ರಾಜೇಶ್ವರಿ ಪೆನ್ನು ಕೊಟ್ಟಳು.

"ಓದ್ತೀನ್ರಿ," ಎಂದ ಶಾಂತಪ್ಪ.

ಊರು ತೆಲುಗು ಸೀಮೆಗೆ ಸೇರಿದ್ದರಿಂದ ಕೋರ್ಟಿನ ಕಾಗದ ತೆಲುಗಿನಲ್ಲಿತ್ತು. ತೆಲುಗು ಮಾತಾಡುವುದರಲ್ಲಿ ಶಾಂತಪ್ಪ ಹುಲಿ, ಓದುವುದರಲ್ಲಿ ಒಂದನೇ ಕ್ಲಾಸು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ಬಾಯಲ್ಲಿ ಗುಣಗುಣಿಸುತ್ತ ನಡೆದ. ಮೂರೂವರೆಗೆ ಎರಡನೇ ಹಾಳೆ. 'ಪ್ರತಿವಾದಿ' ಎಂದರೆ ಸುಮಿತ್ರಾಬಾಯಿ ಎಂದು ತಿಳಿದ ಮೇಲೆ, ಅಷ್ಟು ಹಿರಿಯರಿಗೆ ಹಾಗನ್ನುವುದು ಸರಿಯೇ ಎಂದು ಹತ್ತು ನಿಮಿಷ ಚರ್ಚಿಸಿದ. ನಾಲ್ಕಕ್ಕೆ ಐದನೇ ಹಾಳೆ. ಪ್ರೇಮಲಾ ಮೊಣಕೈಯಿಂದ ತಿವಿದಳು. ರಾಜೇಶ್ವರಿ ಗಡಿಯಾರ ನೋಡಿದಳು. ಓದಬೇಡಿ ಎನ್ನಲು ಅವಳಿಗೆ ಬಾಯಿಲ್ಲ. ಶಾಂತಪ್ಪ ಹನ್ನೊಂದನೇ ಹಾಳೆ ಮುಗಿಸಿ, ಎಲ್ಲಾ ಬರೋಬರಿ ಅದ ಎಂದು ಕೊಂಬು ಏರಿಸಿದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಅತ್ತ ಕೋರ್ಟಿನ ಗುಮಾಸ್ತ ಸ್ಕೂಟರ್ ಹತ್ತಿ ಹೋಗಿಯಾಗಿತ್ತು.

"ಆತು ಬಿಡ್ರಿ. ಸೋಮವಾರ ಹಾಕೋಣ," ಎಂದು ರಾಜೇಶ್ವರಿ ಉಸಿರು ಬಿಟ್ಟಳು. "ಅಲ್ಲಿತನಕ ಅಂಗಡಿ ಬಿಟ್ಟು ಕದಲಬ್ಯಾಡ್ರಿ. ಅಷ್ಟ ಮಾಡ್ರಿ ಸಾಕು."

ಅದು ತನ್ನಿಂದ ಆಗುವ ಕೆಲಸ ಎಂದು ಶಾಂತಪ್ಪನಿಗೆ ಧೈರ್ಯ ಬಂತು. ಪ್ರೇಮಲಾಳನ್ನು ಹಾಸಿಗೆ, ಬುತ್ತಿ ತರಲು ಮನೆಗೆ ಕಳಿಸಿದ. ಓದು ಓದು ಎಂದು ಕೂತು ದಿನ ಹಾಳಾಯಿತಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಅಂಗಡಿಗೆ ಬಂದರೆ, ಹಗ್ಗದ ಸಿಂಬಿಯ ಮೇಲೆ ಸುಮಿತ್ರಾಬಾಯಿ ಕೂತಿದ್ದರು. ಪಕ್ಕದಲ್ಲಿ ನರೇಶ, ಭೀಮಾಶಂಕರ, ಮಾಳಿಂಗಪ್ಪ. ಎಲ್ಲರ ಕೈಯಲ್ಲೂ ಚಹಾ.

"ಮುಂಜಾನಿ ನನ್ನ ಮಾರಿ ಮ್ಯಾಲೇ ಸಹಿ ನಂದಲ್ಲ ಅಂದೆಲ್ಲಪ್ಪಾ. ಇಪ್ಪತ್ತೆರಡು ವರ್ಷದಾಗ ನಿನ್ನ ಬಾಡಿಗಿ ಪಾವತಿ ಮ್ಯಾಲಿನ ಸಹಿಗೆ ನಾ ಹಂಗ ಅಂದಿದ್ದೆನೇನು?"

ಶಾಂತಪ್ಪನ ಕಣ್ಣಲ್ಲಿ ನೀರು ಬಂತು. ತಪ್ಪಾತ್ರಿ ಅಕ್ಕಾವ್ರೆ ಎಂದ. ಮುದುಕಿ ಒಂದು ಕಾಗದ ಮುಂದೆ ಚಾಚಿ, ನಮ್ಮಿಬ್ಬರ ನಡುವೆ ತಕರಾರು ಬೇಡ, ಇದಕ್ಕೊಂದು ಸಹಿ ಹಾಕು ಎಂದರು. ತಮ್ಮ ಕನ್ನಡಕವನ್ನೂ ತೆಗೆದುಕೊಟ್ಟರು.

"ಬೇಕಾದ್ರ ಓದು."

"ನಿಮ್ಮ ಮ್ಯಾಲ ಅಷ್ಟೂ ಭರೋಸಾ ಇಲ್ಲೇನ್ರಿ ನನಗ?" ಎಂದು ಶಾಂತಪ್ಪ ಕನ್ನಡಕ ಮುಟ್ಟದೆ, ಎಂದಿಗಿಂತ ಉದ್ದವಾದ ಕೊಂಬು ಎಳೆದ. ಮುದುಕಿ ಅವನ ತಲೆ ನೇವರಿಸಿ, ಒಂದು ಪ್ರತಿ ಅವನಿಗೆ ಕೊಟ್ಟು ಎದ್ದು ಹೋದರು.

ಆರು ಗಂಟೆಯ ಬಸ್ಸಿಗೆ ಹೊರಟಿದ್ದ ರಾಜೇಶ್ವರಿ ಅಂಗಡಿಯ ಮುಂದೆ ನಿಂತಳು. ನರೇಶ ಹಗ್ಗದ ಸಿಂಬಿಗಳನ್ನು ಒಂದೊಂದಾಗಿ ಹೊರಗೆ ಒಟ್ಟುತ್ತಿದ್ದ. ಶಾಂತಪ್ಪ, ಅಕ್ಕಾವ್ರು ನನ್ನ ಕೂಡ ರಾಜಿ ಆದರು, ಈತನಿಗೇ ಏನೋ ತಪ್ಪು ತಿಳಿವಳಿಕೆ ಆಗಿದೆ ಎಂದು ಕಾಗದ ಕೊಟ್ಟ. ಅವಳು ಓದಿದಳು. 'ಯಾರ ಒತ್ತಾಯವೂ ಇಲ್ಲದೆ, ನನ್ನ ಸ್ವಂತ ಖುಷಿಯಿಂದ, ಅಂಗಡಿಯನ್ನು ಈ ದಿನ ಖಾಲಿ ಮಾಡಿ ಮಾಲಕರ ವಶಕ್ಕೆ ಕೊಟ್ಟಿದ್ದೇನೆ.' ಕೆಳಗೆ ಕೊಂಬು. ಅದರ ಕೆಳಗೆ ಇಬ್ಬರು ಸಾಕ್ಷಿಗಳ ಸಹಿ.

ರಾಜೇಶ್ವರಿ ಹೊರಗಿದ್ದ ಸಿಂಬಿಯೊಂದರ ಮೇಲೆ ಕೂತುಬಿಟ್ಟಳು. ಭೀಮಾಶಂಕರನನ್ನೂ ಮಾಳಿಂಗಪ್ಪನನ್ನೂ ಕರೆದು, ಸಾಕ್ಷಿ ಹಾಕುವಾಗ ನೀವಾದರೂ ಇದನ್ನು ಓದಬಾರದಿತ್ತೇ ಎಂದು ಕೇಳಿದಳು.

ಭೀಮಾಶಂಕರನಿಗೆ ಬೇಜಾರಾಯಿತು.

"ಏನು ಮಾತಾಡ್ತೀರಿ ವಕೀಲಮ್ಮ? ಶಾಂತಪ್ಪನ ಕಾಗದ ಓದಾಕ, ನಮಗೇನು ಅವನ ಮ್ಯಾಲ ಸಂಶಯ ಅದ ಏನ್ರಿ?"