ಲೆಸ್ಟರ್ ಕೊಟ್ಟ ತೀರ್ಪು

ಆ ಬೆಳಿಗ್ಗೆ ಲೆಸ್ಟರ್‌ನ ಬೆಕ್ಕು ಬಿಷಪ್ ತಿಂಡಿಗೆ ಬರಲಿಲ್ಲ. ಎದೆಯ ಮೇಲಷ್ಟೇ ಬಿಳಿ ಇರುವ ಆ ಕಪ್ಪು ಬೆಕ್ಕು ರಾತ್ರಿಯಿಡೀ ತನ್ನ ಕಾಲ ಬಳಿಯೇ ಮಲಗಿರುತ್ತದೆಂದು ಲೆಸ್ಟರ್ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಇನ್ವರ್‌ಕಾರ್ಗಿಲ್ ಪಟ್ಟಣಕ್ಕೆ ಹೋಗುವ ದಾರಿಯ ಚಿಕ್ಕ ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕ ನೋಡುವ ಕೆಲಸ ಅವನದು. ಅಂದು ಕೈ ಅಲ್ಲಿದ್ದರೂ ಮನಸ್ಸೆಲ್ಲ ಬೆಕ್ಕಿನ ಹಿಂದೆ.

ಅಷ್ಟರಲ್ಲಿ ಮುದುಕಿ ಬೆರಿಲ್ ತಮ್ಮ ಬೆಕ್ಕು ಪಿಕ್ಲೆಟ್‌ನನ್ನು ಎತ್ತಿಕೊಂಡು ಓಡಿ ಬಂದರು. ಅದು ಉಸಿರಿಗೆ ಒದ್ದಾಡುತ್ತಿತ್ತು. ಡಾಕ್ಟರ್ ಮೊಯಿರಾ ಎದೆಗೆ ಸೂಜಿ ಹಾಕಿ ಕೀವು ತೆಗೆದರು. ಯಾವ ಔಷಧಿ ಕೊಡಬೇಕೆಂದು ಇದರಿಂದಲೇ ಗೊತ್ತಾಗಬೇಕು, ತಡ ಮಾಡಿದರೆ ಬೆಕ್ಕು ಉಳಿಯುವುದಿಲ್ಲ ಎಂದು ಅದನ್ನು ಲೆಸ್ಟರ್‌ಗೆ ಕೊಟ್ಟರು.

ಕ್ರಿಮಿಗಳು ಎದ್ದು ಕಾಣಲೆಂದು ಲೆಸ್ಟರ್ ಕೈಗೆ ಸಿಕ್ಕ ಬಣ್ಣದ ಸೀಸೆಯಿಂದ ಕೀವಿಗೆ ಹನಿ ಹಾಕಿ ನೋಡಿದ. ಬ್ಯಾಕ್ಟೀರಿಯಾ ಸಂಜೆಯ ಬಸ್ಸಿನಂತೆ ಕಿಕ್ಕಿರಿದಿದ್ದವು. ಮೊಯಿರಾಗೆ ಅನುಮಾನ ಬಂದು, ಬರೀ ನಲ್ಲಿ ನೀರಿಗೆ ಅದೇ ಬಣ್ಣ ಹಾಕಿಸಿದರು. ಅಲ್ಲೂ ಅದೇ ಗುಂಪು. ಎಸೆಯಲೆಂದು ಅವನೇ ತೆಗೆದಿಟ್ಟಿದ್ದ ಹಳೇ ಸೀಸೆ ಅದು. ಬ್ಯಾಕ್ಟೀರಿಯಾ ಅದರೊಳಗೇ ಸಂಸಾರ ಹೂಡಿದ್ದವು.

"ನಮ್ಮ ನಲ್ಲಿಗೂ ಎದೇಲಿ ಕೀವು ತುಂಬಿದ್ಯಾ, ಲೆಸ್ಟರ್?" ಎಂದರು ಮೊಯಿರಾ.

ಅವನು ಹೊಸ ಸೀಸೆ ತೆಗೆದು ಮತ್ತೆ ನೋಡಿದ. ಈ ಸಲ ಕೀವಿನ ಕಣಗಳ ನಡುವೆ ದಾರದಂಥ ಉದ್ದನೆಯವು, ಪಕ್ಕದಲ್ಲಿ ಗುಂಡನೆಯವು. ಎಲ್ಲ ಬೆಕ್ಕಿನ ಬಾಯಲ್ಲಿರುವ ಸರಕೇ. ಇನ್ನೊಂದು ಬೆಕ್ಕು ಕಚ್ಚಿದೆ ಎಂದ. ಹುಡುಕಿದರೆ ಪಿಕ್ಲೆಟ್‌ನ ಪಕ್ಕೆಯಲ್ಲಿ ಮಾಯ್ದ ಹಲ್ಲಿನ ಗಾಯವೂ ಸಿಕ್ಕಿತು. ಮೊಯಿರಾ ಕೀವು ಬಸಿದು ತಕ್ಕ ಔಷಧಿ ಶುರುಮಾಡಿದರು. ಸಂಜೆಗೆ ಪಿಕ್ಲೆಟ್ ಸಲೀಸಾಗಿ ಉಸಿರಾಡುತ್ತ ಮೀನಿನ ತುಣುಕು ಮೂಸಿತು. ಬೆರಿಲ್ ಅತ್ತೇಬಿಟ್ಟರು. ಲೆಸ್ಟರ್‌ನ ಹೋದ ಮಾನ ಬಡ್ಡಿ ಸಮೇತ ವಾಪಸಾಯಿತು.

ಆಸ್ಪತ್ರೆಯಿಂದ ಹೋದಮೇಲೂ ಪಿಕ್ಲೆಟ್‌ಗೆ ವಾರಗಟ್ಟಲೆ ಮಾತ್ರೆ ನುಂಗಿಸಬೇಕಿತ್ತು. ಬೆರಿಲ್ ಬೆರಳುಗಳೋ ಸಂಧಿವಾತಕ್ಕೆ ಸೊಟ್ಟಗಾಗಿದ್ದವು. ಉಬ್ಬಿಹೋಗಿದ್ದ ಲೆಸ್ಟರ್ ತೀರ್ಪು ಕೊಟ್ಟ: "ಕಚ್ಚಿದ ಬೆಕ್ಕು ಯಾರದೋ ಅವರೇ ಪಿಕ್ಲೆಟ್‌ನನ್ನ ತಮ್ಮನೇಲಿಟ್ಕೊಂಡು ಮಾತ್ರೆ ಹಾಕ್ಲಿ. ಬೆಕ್ಕನ್ನ ರಾತ್ರಿ ಬೀದಿಗೆ ಬಿಡೋರಿಗೆ ಬುದ್ಧಿ ಬರ್ಬೇಕು."

ಮೊಯಿರಾ ಹೂಂ ಎಂದರು.

"ಒಳ್ಳೇದಾಯ್ತಪ್ಪ," ಎಂದರು ಬೆರಿಲ್. "ಹೋದ ವಾರ ಇವನ ಮೇಲೆ ಬಿದ್ದ ಪುಂಡ ನಿನ್ನೆ ರಾತ್ರಿ ನಾನಿಟ್ಟ ಬೋನಿಗೆ ಬಿದ್ದಿದಾನೆ. ತರ್ತೀನಿ ಇರು."

ಮನೆಗೆ ಹೋಗಿ, ಟವೆಲ್ ಮುಚ್ಚಿದ ಬೋನು ತಂದರು. ಟವೆಲ್ ಎತ್ತಿದರೆ ಕಪ್ಪು ಬೆಕ್ಕು, ಎದೆಯ ಮೇಲಷ್ಟೇ ಬಿಳಿ. ಲೆಸ್ಟರ್ ಪರಿಚಯವೇ ಇಲ್ಲದವನಂತೆ ಗೋಡೆ ನೋಡಿದ. ಬೋನಿನ ಬಾಗಿಲು ತೆಗೆದದ್ದೇ ತಡ, ಬಿಷಪ್ ಅವನ ಹೆಗಲೇರಿ ಕಿವಿಗೆ ಮೂತಿ ಉಜ್ಜಿ, ಗುರ್ ಗುರ್ ಎನ್ನುತ್ತ ಕಣ್ಣು ಮುಚ್ಚಿತು. ಬೆಕ್ಕು ಸಿಕ್ಕಿತಲ್ಲ ಎಂದು ಲೆಸ್ಟರ್‌ಗೆ ನಿಜಕ್ಕೂ ಸಂತೋಷವಾಯಿತು. ತೋರಿಸಿಕೊಳ್ಳುವಂತಿರಲಿಲ್ಲ, ಅಷ್ಟೆ.

ಬೆರಿಲ್ ಮಾತ್ರೆಯ ಡಬ್ಬಿಯನ್ನು ಅವನ ಜೇಬಿಗೆ ತುರುಕಿದರು.

"ನಮ್ಮ ಪಿಕ್ಲೆಟ್ ಕಾಲ ಹತ್ರ ಮಲಗಲ್ಲ ಕಣಪ್ಪ. ಅವನಿಗೆ ದಿಂಬೇ ಆಗ್ಬೇಕು."