ಸೋದರತ್ತೆಯ ನೀಲಿ ಡ್ರಮ್ಮುಗಳು

ಮನೆಗೆ ಬಂದ ನೆಂಟರನ್ನು ನನ್ನ ಸೋದರತ್ತೆ ಇನ್ನೂ ನೀರಿಗೆ ಹಾಕಿ ನೋಡಿಲ್ಲ, ಅದೊಂದೇ ಪುಣ್ಯ! ಉಳಿದದ್ದೆಲ್ಲ ಆಕೆಯ ಬಕೆಟ್ಟಿಗೆ ಬೀಳಲೇಬೇಕು. ಮೊಟ್ಟೆ ತೇಲಿದರೆ ಹಳತು, ಅಂಗಡಿಗೆ ವಾಪಸ್. ಬಿತ್ತನೆ ಭತ್ತ ಉಪ್ಪುನೀರಿನಲ್ಲಿ ತೇಲಿದರೆ ಜೊಳ್ಳು, ಗದ್ದೆಗೆ ಇಳಿಯುವಂತಿಲ್ಲ. ಕೊಪ್ಪದಲ್ಲಿ ಕಾಳುಮೆಣಸಿನ ವ್ಯಾಪಾರ ಮಾಡಿಯೇ ಮೇಲೆ ಬಂದವನು ನಾನು. ಒಮ್ಮೆ ಪ್ರೀತಿಯಿಂದ ಒಂದು ಸೇರು ಮೆಣಸು ಒಯ್ದು ಕೊಟ್ಟೆ. ನನ್ನ ಕಣ್ಣೆದುರೇ ನೀರಿಗೆ ಸುರಿದಳು. ಅರ್ಧ ತೇಲಿತು! ಅಂದಿನಿಂದ ಬೆಲ್ಲವನ್ನಷ್ಟೇ ಒಯ್ಯುತ್ತೇನೆ. ನೀವೂ ಹಾಗೇ ಮಾಡಿ. ಕರಗಿಹೋಗುತ್ತದೆ, ಸಾಕ್ಷಿ ಉಳಿಯುವುದಿಲ್ಲ.

ಹೋದ ಮಳೆಗಾಲದಲ್ಲಿ, ಕಮ್ಮರಡಿ ಹತ್ತಿರದ ಆಕೆಯ ಮನೆಯ ಕೆಳಗಿನ ಹಳ್ಳ ದಾಟುವ ಕಾಲುಸಂಕ, ಆ ಪುಟ್ಟ ಮರದ ಸೇತುವೆ, ಕೊಚ್ಚಿಹೋಯಿತು. ಆಚೆ ದಡದಲ್ಲಿ ಅತ್ತೆಯ ಮುಕ್ಕಾಲು ಎಕರೆ ಗದ್ದೆ. ಸುತ್ತಿ ಬಳಸಿ ಹೋದರೆ ಐದು ಮೈಲಿ. ಆಕೆಯ ಮಂಡಿಗೋ ಅರವತ್ತೆಂಟು ವರ್ಷ. ಅರ್ಜಿ ಕೊಟ್ಟದ್ದೇ ಬಂತು, ಹೊಸ ಸಂಕ ಬರಲಿಲ್ಲ. ಗದ್ದೆ ಮಾರಿಬಿಡು ಎಂದು ಬುದ್ಧಿ ಹೇಳಿ ಹೇಳಿ ಸೋತು, ಕೊನೆಗೆ ಎನ್.ಆರ್. ಪುರದಿಂದ ಗಿರಾಕಿಯನ್ನೇ ಹಿಡಿದು ತಂದೆ. ದಾರಿಯಿಲ್ಲದ ಗದ್ದೆಗೆ ನಾನು ಕುದುರಿಸಿದಂಥ ಬೆಲೆ ಯಾರು ಕೊಡುತ್ತಾರೆ, ನೀವೇ ಹೇಳಿ?

ಅತ್ತೆ ನಮ್ಮಿಬ್ಬರನ್ನೂ ಹಳ್ಳಕ್ಕೆ ಕರೆದೊಯ್ದಳು. ನೋಡಿದರೆ, ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಬಿಗಿದ ತೆಪ್ಪ! ಮೊದಲ ದಿನ ಅದು ನಡುನೀರಿನಲ್ಲೇ ಮುಳುಗಿತ್ತಂತೆ. ದಡದಲ್ಲಿ ನಿಂತು ನಕ್ಕವರಿಗೆ ಅತ್ತೆ, ತಪ್ಪು ತೆಪ್ಪದ್ದಲ್ಲ, ಸಡಿಲವಿದ್ದ ಮುಚ್ಚಳದ್ದು ಎಂದು ಈಜುತ್ತಲೇ ಉತ್ತರ ಕೊಟ್ಟಳಂತೆ.

ಇಷ್ಟು ಭಾರ ಹೇಗೆ ತೇಲುತ್ತದೆ ಎಂದು ಗಿರಾಕಿ ಕೇಳಿಯೇಬಿಟ್ಟ.

"ಸೌಟು ಮುಳುಗ್ತದೆ, ಹಂಡೆ ತೇಲ್ತದೆ. ಯಾವುದು ಭಾರ?" ಎಂದಳು ಅತ್ತೆ. "ಹಂಡೆ ತುಂಬಾ ನೀರನ್ನ ಪಕ್ಕಕ್ಕೆ ತಳ್ತದೆ. ಆ ನೀರಿನ ತೂಕ ಎಷ್ಟೋ, ಅಷ್ಟು ಜೋರಲ್ಲಿ ಹಳ್ಳ ಅದನ್ನ ವಾಪಸ್ ಎತ್ತುತ್ತದೆ. ಮಾರು ಮಾರು ಅಂತ ಒತ್ತಿದ್ರೆ ನಾನೂ ಹಾಗೇ."

ಒಂದು ಮೂಟೆ ಬಿತ್ತನೆ ಭತ್ತ ಹೇರಿ, ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ್ದ ಹಗ್ಗ ಹಿಡಿದು ಜಗ್ಗುತ್ತ ಹೊರಟಳು. ಮೂಟೆ ಆಚೆ ಇಳಿಸಿ ವಾಪಸ್ ಬಂದಾಗ ಸೀರೆಯ ಅಂಚೂ ಒದ್ದೆಯಾಗಿರಲಿಲ್ಲ. ಗಿರಾಕಿ ಬಸ್ಸಿನ ಹೊತ್ತು ವಿಚಾರಿಸಿ ನಡೆದುಬಿಟ್ಟ.

ಸೋತರೂ ಬುದ್ಧಿ ಹೇಳದಿರುವುದು ನನ್ನ ಜಾಯಮಾನವಲ್ಲ. ಒಬ್ಬಳಿಗೆ, ಒಂದು ಮೂಟೆಗೆ ನಾಲ್ಕು ಡ್ರಮ್ಮು ಧಾರಾಳ, ಆರು ಕಟ್ಟಿದ್ದು ದಂಡ ಎಂದೆ.

ಅತ್ತೆ ಹಗ್ಗ ಬಿಗಿಯುತ್ತ, ತಲೆಯೆತ್ತದೆ ಹೇಳಿದಳು:

"ಆ ಎರಡು ನಿಂಗೆ ಮಾರಾಯ. ಪ್ರತಿ ವರ್ಷ ನಾಟಿಗೆ ಬರ್ತೀಯಲ್ಲ. ನಿಂಗೆ ಈಜು ಬರೂದಿಲ್ಲ."

ನಾನು ಚಪ್ಪಲಿ ಕಳಚಿ ತೆಪ್ಪ ಹತ್ತಿದೆ.